ಕಾಫಿ ಬಾಯ್ಲರಿಗೆ ಹೊಲಿದ ಕೋಟು

ಅತ್ತೆ ಬೆಟ್ಟ ಇಳಿದು ಬಂದಾಗ ಅವಳ ಜೊತೆ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಮತ್ತು ಗೋಣಿಯಲ್ಲಿ ಸುತ್ತಿದ ಒಂದು ಯಂತ್ರ ಇತ್ತು. ಯಳಂದೂರಿನಿಂದ ಕೊಳ್ಳೇಗಾಲದವರೆಗೂ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೇ ಕೂರಿಸಿಕೊಂಡಿದ್ದಳಂತೆ. ಕಂಡಕ್ಟರು ಬಗ್ಗಿ ನೋಡಿ, "ಮಗೂಗೆ ಉಸಿರಾಡಕ್ಕೆ ಮುಸುಕು ತೆಗೀಮ್ಮ" ಅಂದನಂತೆ. "ಮಗ ಅಲ್ಲ ಕನಪ್ಪ, ಬಾಯ್ಲರು" ಅಂತ ಅತ್ತೆ ಹೇಳಿದ ಮೇಲೆ ಆ ಸೀಟಿನ ಹತ್ತಿರ ಯಾರೂ ನಿಲ್ಲಲಿಲ್ಲವಂತೆ.

ಅವಳು ನಮ್ಮಪ್ಪನ ತಂಗಿ. ಯಳಂದೂರಿನ ಮೇಲಿನ ಬೆಟ್ಟದಲ್ಲಿ ಒಂದು ಕಾಫಿ ತೋಟದ ಬಂಗಲೆಯಲ್ಲಿ ಬಹಳ ವರ್ಷ ಅಡುಗೆ ಮಾಡಿಕೊಂಡಿದ್ದಳು. ತೋಟದ ದೊರೆ ಎಲ್ಲ ಮಾರಿ ತನ್ನ ಸೀಮೆಗೆ ಹೊರಟಾಗ, ಏನು ಬೇಕೋ ಕೇಳು ಅಂದನಂತೆ. ಬೇರೆಯವರಾಗಿದ್ದರೆ ಹಸು ಕೇಳುತ್ತಿದ್ದರು. ಅತ್ತೆ ದೊರೆಯ ಇಟಲಿ ಕಾಫಿ ಯಂತ್ರ ಕೇಳಿದಳು. ಅದನ್ನು ನಡೆಸಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ದೊರೆಗೆ ಕುಡಿಯಲು ಮಾತ್ರ ಬರುತ್ತಿತ್ತು.

ಗೋಣಿ ಬಿಚ್ಚಿದಾಗ ಮನೆಮಂದಿಯೆಲ್ಲ ಸುತ್ತ ನಿಂತೆವು. ಒಂದು ಮೊಳಕ್ಕಿಂತ ತುಸು ಎತ್ತರ. ನಿಲ್ಲಿಸಿಟ್ಟ ದೊಡ್ಡ ಚೆಂಬಿನಂಥ ಹಿತ್ತಾಳೆ ಬಾಯ್ಲರು, ಒಳಗೆ ನೀರು ಕಾಯಿಸುವ ಕರೆಂಟಿನ ಕಾಯಿಲು. ಪಕ್ಕದಲ್ಲಿ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ನೆತ್ತಿಯ ಮೇಲೆ, ಆವಿ ಅತಿಯಾದರೆ ತಾನೇ ಬಾಯಿ ಬಿಡುವ ಸೇಫ್ಟಿ ವಾಲ್ವು. ಮುಂದೆ ಒಂದು ದಪ್ಪ ಮೂಗು. ಮೂಗಿನ ಕೆಳಗೆ ಕಾಫಿಪುಡಿಯ ಬಟ್ಟಲು ಸಿಕ್ಕಿಸಿ, ಉದ್ದನೆಯ ಹಿಡಿಯನ್ನು ಎತ್ತಿ ಕೆಳಕ್ಕೆ ಒತ್ತಿದರೆ, ಬಿಸಿನೀರು ಪುಡಿಯೊಳಗೆ ನುಗ್ಗಿ ಜೇನಿನಂಥ ಗಟ್ಟಿ ಡಿಕಾಕ್ಷನ್ ಇಳಿಯುತ್ತದೆ. ಒಬ್ಬರ ಮನೆಗಾಗುವಷ್ಟೇ ಯಂತ್ರ. ಅದರ ಜಂಬ ಮಾತ್ರ ರೈಲಿನದು.

ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ ದೊಡ್ಡಪ್ಪ ಮಗ್ಗದಿಂದ ಎದ್ದು ಬಂದು ಅದನ್ನು ಬೆರಳಿನಿಂದ ತಟ್ಟಿ ನೋಡಿದ. ಮನೆಯ ಯಜಮಾನ ಅವನು. ಅವನು ತಟ್ಟಿ ನೋಡದ ವಸ್ತುವಿಗೆ ನಮ್ಮ ಮನೆಯಲ್ಲಿ ಬೆಲೆಯಿಲ್ಲ.

"ಒಳ್ಳೆ ಹಿತ್ತಾಳೆ" ಅಂದ. "ನೀನು ಬಂದಿದ್ದು ಒಳ್ಳೇದೇ ಆಯ್ತು ಕನಮ್ಮಿ. ಜಗಲಿ ಮ್ಯಾಲೆ ಇನ್ನೊಂದು ಮಗ್ಗ ಕೂರಿಸ್ಬೇಕು ಅಂತಿವ್ನಿ. ಲಾಳಿಗೆ ನೂಲಿನ ಕಂಡಿಕೆ ಸುತ್ತಕ್ಕೆ ಒಂದು ಕೈ ಬೇಕಿತ್ತು."

"ನಾನು ಕಂಡಿಕೆ ಸುತ್ತಕ್ಕೆ ಬಂದಿಲ್ಲ ಅಣ್ಣಯ್ಯ. ಆ ಜಗಲಿ ಮ್ಯಾಲೆ ಕೂತು ಕಾಫಿ ಮಾರ್ತೀನಿ."

"ಯಾರಿಗೆ?"

"ಕುಡಿಯೋರ್ಗೆ."

"ಮೂಲೇಲಿ ಓಟ್ಲು ಇಲ್ವಾ?"

"ಅವನು ಬಟ್ಟೇಲಿ ಸೋಸ್ತಾನೆ. ನಾನು ಇದರಲ್ಲಿ ಇಳಿಸ್ತೀನಿ."

ದೊಡ್ಡಪ್ಪನಿಗೆ ಎದುರು ಮಾತು ಕೇಳಿ ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ಕಿವಿ ಉಜ್ಜಿಕೊಂಡು ತೀರ್ಪು ಕೊಟ್ಟ. ಅಮಾವಾಸ್ಯೆ ಕಳೆದ ಮೇಲೆ ಸೀರೆ ಕೊಳ್ಳುವ ಸಾಹುಕಾರರು ಬೆಂಗಳೂರಿನಿಂದ ನಮ್ಮ ಬೀದಿಗೆ ಬರುತ್ತಾರೆ. ಬರುವುದು ದೀಪ ಹಚ್ಚುವ ಹೊತ್ತಿಗೆ. "ಬಂದಷ್ಟು ಜನಕ್ಕೂ ಇದೇ ಯಂತ್ರದಲ್ಲಿ ಕಾಫಿ ಕೊಡು. ಕೊಟ್ರೆ ಜಗಲಿ ನಿಂದು, ನಾನು ಆ ಕಡೆ ತಲೆ ಆಕಿ ಮನಗಲ್ಲ. ಕೊಡ್ನಿಲ್ವಾ, ಅಲ್ಲಿ ಮಗ್ಗ ಕೂರ್ತದೆ, ಈ ಹಿತ್ತಾಳೆ ಪಾತ್ರೆ ಅಂಗ್ಡಿಗೆ ಓಯ್ತದೆ, ನೀನು ಒಳಗೆ ಕೂತು ಕಂಡಿಕೆ ಸುತ್ತು."

"ಆಯ್ತು" ಅಂದಳು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದಳು. "ಲೇ ಕಪಿ, ನೀನು ಬಾಯ್ಲರ್ ಮನೇಲಿ ಕೆಲ್ಸ ಮಾಡದು ಅಂತಾರಲ್ಲ, ದಿಟವಾ?"

ದಿಟವೇ. ರೇಷ್ಮೆ ನೂಲು ಬಿಚ್ಚುವ ಒಂದು ಕಾರ್ಖಾನೆಯಲ್ಲಿ ನಾನು ಬಾಯ್ಲರಿಗೆ ಸೌದೆ ಹಾಕುತ್ತಿದ್ದೆ, ಆವಿ ಸೋರುವ ಕಡೆ ಹಗ್ಗ ಸುತ್ತುತ್ತಿದ್ದೆ. ಆದರೆ ಊರಿನಲ್ಲಿ ನನಗೆ ಹೆಸರು ಬಂದಿದ್ದು ಅಣಕಕ್ಕೆ. ದೊಡ್ಡಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡು ತೀರ್ಪು ಕೊಡುವುದನ್ನು ದೊಡ್ಡಪ್ಪನಿಗಿಂತ ಚೆನ್ನಾಗಿ ಮಾಡುತ್ತಿದ್ದೆ. ಕಾರ್ಖಾನೆಯ ಮೇಸ್ತ್ರಿ ಬೈಯುವುದನ್ನು ಎಷ್ಟು ಸರಿಯಾಗಿ ಕಲಿತಿದ್ದೆನೆಂದರೆ, ಅವರು ಇಲ್ಲದಾಗ ನಾನು ಬೈದರೂ ಜನ ಕೆಲಸ ಮಾಡುತ್ತಿದ್ದರು. ಕೆಲಸ ಬಿಟ್ಟು ಉಳಿದದ್ದೆಲ್ಲ ನನಗೆ ಬರುತ್ತದೆ ಎಂದು ಮೇಸ್ತ್ರಿ ಹೇಳುತ್ತಿದ್ದರು. ಅದನ್ನೂ ಅವರ ದನಿಯಲ್ಲೇ ಹೇಳಿ ತೋರಿಸುತ್ತಿದ್ದೆ.

ಅದೇ ಸಂಜೆ ಬಾಯ್ಲರಿಗೆ ನೀರು ತುಂಬಿ ಸ್ವಿಚ್ ಹಾಕಿದೆವು. ಅತ್ತೆ ಹಾಲು ಕಾಯಿಸಿದಳು. ಹಾಲು ಆರಿತು. ಮತ್ತೆ ಕಾಯಿಸಿದಳು. ಮತ್ತೆ ಆರಿತು. ಯಂತ್ರ ಮಾತ್ರ ಮುದುಕ ನಿದ್ದೆಗಣ್ಣಿನಲ್ಲಿ ಗೊಣಗಿದ ಹಾಗೆ 'ಗುಳುಗುಳು' ಎನ್ನುವುದು ಬಿಟ್ಟು ಮುಂದಕ್ಕೆ ಹೋಗಲಿಲ್ಲ. ಹಿಡಿ ಒತ್ತಿದಾಗ ಬಂದದ್ದು ಉಗುರುಬೆಚ್ಚಗಿನ ಕಂದು ನೀರು. ದೊಡ್ಡಪ್ಪ ಒಂದು ಗುಟುಕು ಕುಡಿದು, "ಹಿತ್ತಾಳೆ ಮಾತ್ರ ಒಳ್ಳೇದು" ಅಂದು ಒಳಗೆ ಹೋದ.

"ಬೆಟ್ಟದಲ್ಲಿ ಇಂಗಿರ್ನಿಲ್ಲ ಕಣ್ಲಾ" ಅಂದಳು ಅತ್ತೆ. "ನಾನು ಹಾಲಿಗೆ ಇಡೋದ್ರಲ್ಲಿ ಇದು ಕೂಗ್ತಿತ್ತು."

"ಹೆಂಗೆ ಕೂಗ್ತಿತ್ತು?"

ಅತ್ತೆ ತುಟಿ ಬಿಗಿಹಿಡಿದು, ಹಲ್ಲಿನ ಸಂದಿಯಿಂದ ಉಸಿರು ಬಿಟ್ಟಳು. ಮೊದಲು ಗುಳುಗುಳು, ಆಮೇಲೆ ಅದು ನಿಂತು ತೆಳ್ಳಗೆ 'ಸ್ಸ್', ಕೊನೆಗೆ ವಾಲ್ವಿನ ತುದಿಯಲ್ಲಿ ನಾಗರಹಾವು ಬಿಲದೊಳಗೆ ತಿರುಗಿದ ಹಾಗೆ ಒಂದು ಸಣ್ಣ 'ಸಿರ್ರ್'. "ಈ ಸಿರ್ರ್ ಬಂದಾಗ ಇಳಿಸ್ಬೇಕು. ಮುಂಚೆ ಇಳಿಸಿದ್ರೆ ನೀರು, ಆಮೇಲೆ ಇಳಿಸಿದ್ರೆ ಸೀದೋಯ್ತದೆ."

ಅಣಕದ ರೋಗ ನನಗೆ ಎಲ್ಲಿಂದ ಬಂತೆಂದು ಆವತ್ತು ಗೊತ್ತಾಯಿತು. ಯಂತ್ರಕ್ಕೆ ಒತ್ತಡ ತೋರಿಸುವ ಮುಳ್ಳಿರಲಿಲ್ಲ. ಅತ್ತೆಯ ಬಾಯಿಯೇ ನಮ್ಮ ಪ್ರೆಶರ್ ಗೇಜು. ಆ ಸಿರ್ರ್ ಅನ್ನು ನಾನು ಅವಳಿಂದ ಕಲಿತುಕೊಂಡೆ; ಇನ್ನು ಯಂತ್ರ ಕಲಿಯುವುದು ಬಾಕಿ ಇತ್ತು.

ಕಾರಣ ಹುಡುಕಲು ದೂರ ಹೋಗಬೇಕಾಗಿರಲಿಲ್ಲ. ತಲೆಯೆತ್ತಿದರೆ ಜಗಲಿಯ ಬಲ್ಬು ಬೀಡಿಯ ತುದಿಯಷ್ಟು ಕೆಂಪಗೆ ಕೂತಿತ್ತು. ಬೆಟ್ಟದ ಬಂಗಲೆಗೆ ಸ್ವಂತ ಡೈನಮೋ ಇತ್ತು. ನಮ್ಮ ಬೀದಿಗೆ ಬರುವ ತಂತಿಯಲ್ಲಿ ಅಕ್ಕಿ ಗಿರಣಿಗಳು ಕುಡಿದು ಮಿಕ್ಕದ್ದು ಬರುತ್ತಿತ್ತು. ನಮ್ಮ ತಾಲ್ಲೂಕು ಮದರಾಸು ಬಿಟ್ಟು ಮೈಸೂರಿಗೆ ಸೇರಿ ಆಗಲೇ ಕೆಲವು ವರ್ಷವಾಗಿತ್ತು. ಬೋರ್ಡುಗಳೆಲ್ಲ ಬದಲಾಗಿದ್ದವು, ಸಂಜೆಯ ವೋಲ್ಟೇಜ್ ಬದಲಾಗಿರಲಿಲ್ಲ. ಕಾಯಿಲು ಅಷ್ಟಿಷ್ಟು ಬಿಸಿ ಕೊಡುತ್ತಿತ್ತು. ಅದನ್ನು ಬರಿಮೈಯ ಹಿತ್ತಾಳೆ ಸುತ್ತಲಿನ ಗಾಳಿಗೆ ಹಂಚಿಬಿಡುತ್ತಿತ್ತು. ಬಾಯ್ಲರಿನ ಪಕ್ಕ ಕೈ ಚಾಚಿದರೆ ಅಂಗೈ ಬೆಚ್ಚಗಾಗುತ್ತಿತ್ತು. ಅಂದರೆ ನಾವು ಜಗಲಿಯನ್ನು ಕಾಯಿಸುತ್ತಿದ್ದೆವು, ಕಾಫಿಯನ್ನಲ್ಲ.

ನಮ್ಮ ಕಾರ್ಖಾನೆಯಲ್ಲಿ ಗೂಡು ಬೇಯಿಸುವ ತೊಟ್ಟಿಗಳಿಗೆ ಆವಿ ಹೋಗುವ ಪೈಪುಗಳಲ್ಲಿ ಒಂದೂ ಬರಿಮೈಯಲ್ಲಿ ಇರುತ್ತಿರಲಿಲ್ಲ. ಹಗ್ಗ ಸುತ್ತಿ, ಮೇಲೆ ಗಾರೆ ಮೆತ್ತಿರುತ್ತಿದ್ದರು. ಹಾಗೆಯೇ ಇದಕ್ಕೂ ಏನಾದರೂ ಸುತ್ತಬೇಕು. ರೇಷ್ಮೆಯವನ ತಲೆಗೆ ಮೊದಲು ಹೊಳೆಯುವುದು ರೇಷ್ಮೆಯೇ. ನೂಲು ಬಿಚ್ಚಿದ ಮೇಲೆ ಉಳಿಯುವ ಸಿಕ್ಕು ನಮ್ಮ ಹಿತ್ತಿಲಲ್ಲೇ ರಾಶಿ ಇತ್ತು. ಹತ್ತಿಗಿಂತ ಹಗುರ, ಕೈಯಿಟ್ಟರೆ ಬೆಚ್ಚಗೆ. ಬಾಯ್ಲರಿಗೆ ಅಂಗೈ ದಪ್ಪ ಸುತ್ತಿ ದಾರ ಕಟ್ಟಿದೆ. ಮುಸುಕಿನಿಂದ ಮೂಗು ಮಾತ್ರ ಹೊರಗೆ ಹಾಕಿದ ಮದುಮಗಳ ಹಾಗೆ ಕಾಣುತ್ತಿತ್ತು.

ಕೆಲಸ ಮಾಡಿತು! ಸಂಜೆಯ ಬಡಕಲು ಕರೆಂಟಿನಲ್ಲೇ ಗುಳುಗುಳು ನಿಂತು 'ಸ್ಸ್' ಬಂತು. ಪೂರ್ತಿ ಸಿರ್ರ್ ಅಲ್ಲ, ಆದರೂ ಹತ್ತಿರ. ಕಾಫಿ ಗಟ್ಟಿಯಾಗಿ ಇಳಿಯಿತು. ಅಪ್ಪ, ಅವ್ವ, ಮಗ್ಗದವರು, ಎಲ್ಲರೂ ಕುಡಿದು ತಲೆದೂಗಿದರು. ಅತ್ತೆ ಒಬ್ಬಳೇ ಲೋಟ ಮೂಗಿನ ಹತ್ತಿರ ಹಿಡಿದು ಮುಖ ಹಿಂಡಿದಳು.

"ಏನೋ ನಾತ ಕನ್ರೋ."

ನಾವೆಲ್ಲ ಮೂಸಿ ನೋಡಿದೆವು. ಏನೂ ಇಲ್ಲ. ಬೆಟ್ಟದ ಮೇಲೆ ಇದ್ದು ಅತ್ತೆಯ ಮೂಗು ದೊರೆಸಾನಿಯ ಮೂಗಾಗಿದೆ ಎಂದು ನಾನು ಅವಳ ಹಾಗೆಯೇ ಮುಖ ಹಿಂಡಿ ಎಲ್ಲರನ್ನೂ ನಗಿಸಿದೆ. ಅತ್ತೆ ನಗಲಿಲ್ಲ.

ಮರುದಿನ ಲೈನ್‌ಮನ್ ಬಂದ. ಪಾಲಾರ್ ಕಡೆಯವನು, ಬಾಯಲ್ಲಿ ಅರ್ಧ ಕನ್ನಡ, ಅರ್ಧ ತಮಿಳು. ಹನೂರಿನ ಲೈನಿನಿಂದ ನಮ್ಮ ಕಡೆಗೆ ವರ್ಗವಾಗಿ ಬಂದು ತಿಂಗಳೂ ಆಗಿರಲಿಲ್ಲ. ನಾನೇ ಕೈಹಿಡಿದು ಕೂರಿಸಿ ಕಾಫಿ ಕೊಟ್ಟೆ. ಒಂದು ಗುಟುಕು ಬಾಯಿಗೆ ಹೋಗಿದ್ದೇ ತಡ, ಜಗಲಿಯಿಂದ ಬೀದಿಗೆ ಉಗಿದ.

"ಚೀ! ಎನ್ನಮ್ಮಾ ಇದು? ಉಳ ಬೇಯ್ಸಿದ್ ನೀರು!"

ಮನೆಯವರೆಲ್ಲ ಮತ್ತೆ ಲೋಟ ಮೂಸಿದೆವು. ಗೂಡಿನ ಜೊತೆ ಬೆಂದು ಸತ್ತ ಹುಳುವಿನ ನಾತ ಅದು. ಸಿಕ್ಕಿನ ಅಂಟಿನಲ್ಲಿ ಕೂತಿದ್ದು, ಹಿತ್ತಾಳೆಯ ಬಿಸಿಗೆ ಎದ್ದು, ಹಾಲಿಗೂ ಲೋಟಕ್ಕೂ ಹತ್ತಿತ್ತು. ನಾವು ಹುಟ್ಟಿದಂದಿನಿಂದ ಅದೇ ಗಾಳಿಯನ್ನು ಉಸಿರಾಡಿದವರು. ನಮಗೆ ಅದು ನಾತವೇ ಅಲ್ಲ, ಮನೆ. ಬೇರೆ ಯಾವ ಊರಿನವನಾದರೂ ಕಾಫಿ ಯಂತ್ರಕ್ಕೆ ಇದನ್ನು ಸುತ್ತುತ್ತಿದ್ದನೋ ಇಲ್ಲವೋ, ಸುತ್ತಿದ್ದರೂ ಅದರ ಕಾಫಿಯನ್ನು ಹೊಗಳಿಕೊಂಡು ಖಂಡಿತ ಕುಡಿಯುತ್ತಿರಲಿಲ್ಲ.

ಅತ್ತೆ ಸುತ್ತಿದ್ದನ್ನೆಲ್ಲ ಕಿತ್ತು ನನ್ನ ಮಡಿಲಿಗೆ ಎಸೆದಳು. "ದೊರೆಸಾನಿ ಮೂಗು ಅಂದಲ್ಲ, ಈಗ ನಿನ್ ಮೂಗಿಗೆ ಸುತ್ಕೊ."

ಎರಡನೆಯ ಸಲಕ್ಕೆ ಮೇಸ್ತ್ರಿಯನ್ನು ಕೇಳಿದೆ. ಕಾರ್ಖಾನೆಯ ಗಾರೆ ಒಂದು ಹಿಡಿ ಕೊಡುವುದಿಲ್ಲ ಎಂದು ಮೊದಲೇ ಹೇಳಿದರು. ಆಮೇಲೆ ಬೀಡಿ ಹಚ್ಚಿಕೊಂಡು ಬುದ್ಧಿ ಕೊಟ್ಟರು. "ಬಿಸಿ ತಡಿಯೋದು ಬಟ್ಟೆ ಅಲ್ಲ, ಗಾರೆ ಅಲ್ಲ. ಒಳಗೆ ಸಿಕ್ಕಾಕ್ಕೊಂಡಿರೋ ಗಾಳಿ. ಗಾಳಿ ಅಲ್ಲಾಡ್ದಂಗೆ ಕೂರ್ಸು, ಸಾಕು." ಬುದ್ಧಿ ನನಗೆ ಚೆನ್ನಾಗಿ ಅರ್ಥವಾಯಿತು. ಹಾಗಂತ ಅದರ ಪ್ರಕಾರ ಮಾಡಿದೆ ಅಂತಲ್ಲ. ಗಾರೆಯ ಮೇಲಿನ ಆಸೆ ಬಿಡಲಾಗದೆ, ಹುತ್ತದ ಮಣ್ಣಿಗೆ ಭತ್ತದ ಹೊಟ್ಟಿನ ಬೂದಿ ಕಲಸಿ ಬಾಯ್ಲರಿಗೆ ಮೆತ್ತಿದೆ. ಒಣಗಿದ ಮೇಲೆ ಇನ್ನೊಂದು ಸುತ್ತು. ಕೈ ಓಡುತ್ತಿತ್ತು, ಮುಂದಿನ ಮೂಗಿಗೂ ಮೆತ್ತಿಬಿಟ್ಟೆ.

"ಮೂಗಿಗೆ ಯಾಕ್ಲಾ?" ಅಂದಳು ಅತ್ತೆ.

"ಅದಕ್ಕೂ ಚಳಿ ಆಯ್ತದೆ ಅತ್ತೆ."

ಭಾನುವಾರ ಬೆಳಿಗ್ಗೆ ಪರೀಕ್ಷೆಗಿಟ್ಟೆವು. ಗಿರಣಿಗಳಿಗೆ ರಜ. ತಂತಿಯಲ್ಲಿ ಪೂರ್ತಿ ಕರೆಂಟು, ಜಗಲಿಯ ಬಲ್ಬು ನೋಡಿದರೆ ಕಣ್ಣು ಕುಕ್ಕುವಂತಿತ್ತು. ಗುಳುಗುಳು ಯಾವಾಗ ಬಂತೋ ಯಾವಾಗ ನಿಂತಿತೋ. ಸ್ಸ್, ಸಿರ್ರ್, ಎರಡನ್ನೂ ದಾಟಿ ಯಂತ್ರ ಅತ್ತೆ ಕಲಿಸದ ಒಂದು ರಾಗ ಶುರು ಮಾಡಿತು. ಸೇಫ್ಟಿ ವಾಲ್ವು ಬಾಯಿ ಬಿಟ್ಟು ಆವಿ ಸೂರಿಗೆ ಹೊಡೆಯಿತು. ಆ ಗಾಬರಿಯಲ್ಲೇ ಅತ್ತೆ ಹಿಡಿ ಒತ್ತಿದಳು. ಕಾಫಿ ಇಳಿಯಲಿಲ್ಲ, ಸಿಡಿಯಿತು. ಸೀದ ವಾಸನೆ. ಮೂಗು ಒಳಗೊಳಗೇ ಕಾದು ಕೆಂಡವಾಗಿ ಪುಡಿಯನ್ನು ಹುರಿದುಬಿಟ್ಟಿತ್ತು. ಮಣ್ಣಿನ ಮೇಲೆ ಟಪ್ ಟಪ್ ಎಂದು ಬಿರುಕು ಬಿಟ್ಟು, ಬೊಗಸೆಯಷ್ಟು ದೊಡ್ಡ ಹೆಂಟೆಯೊಂದು ಹಾಲಿನ ಪಾತ್ರೆಗೇ ಬಿತ್ತು. ಹಿತ್ತಾಳೆ ಕಾದರೆ ಹಿಗ್ಗುತ್ತದೆ, ಮಣ್ಣು ಹಿಗ್ಗುವುದಿಲ್ಲ. ಇದು ಬಾಯ್ಲರ್ ಮನೆಯ ಕೂಲಿಗೆಲ್ಲ ಗೊತ್ತಿರುವ ಮಾತು, ನನಗೂ ಸೇರಿ.

ದೊಡ್ಡಪ್ಪ ಲಾಳಿ ಕೈಯಲ್ಲೇ ಹಿಡಿದು ಓಡಿ ಬಂದ.

"ಬಡ್ಡೈದನೆ, ಮನೆ ಸುಡ್ತೀಯಾ? ಆ ಬಾಯಿ ಬಿಡೋದುನ್ನ ದಾರ ಕಟ್ಟಿ ಮುಚ್ಚು ಮೊದ್ಲು!"

"ಅದನ್ನ ಮುಟ್ಟಂಗಿಲ್ಲ ದೊಡ್ಡಪ್ಪ. ಅದು ಕಿರುಚೋದ್ರಿಂದಲೇ ನಾವು ಉಳ್ಕಂಡಿರೋದು."

"ಉಳ್ಕಂಡಿದ್ದು ಸಾಕು. ನಾಳೆ ಆಳು ಬತ್ತಾರೆ. ಜಗಲೀಲಿ ಗುಂಡಿ ತೆಗಿಸ್ತೀನಿ."

"ಸಾವ್ಕಾರ್ರು ಬರೋಗಂಟ ಅಂತ ಮಾತಲ್ವಾ?" ಅಂದಳು ಅತ್ತೆ, ಸೆರಗಿನಿಂದ ಮುಖದ ಮೇಲಿನ ಕಾಫಿ ಒರೆಸಿಕೊಳ್ಳುತ್ತ.

"ಇದು ಸಾಯ್ಸೋ ವಸ್ತು ಅಂತ ಮಾತಾಡೋವಾಗ ಗೊತ್ತಿರ್ನಿಲ್ಲ."

ಮಾರನೆಯ ದಿನ ಹಾರೆ ಹಿಡಿದ ಆಳು ಬಂದೇಬಿಟ್ಟ. ಮಗ್ಗದ ಗುಂಡಿಗೆ ಗುರುತು ಮಾಡಿ ನಾಲ್ಕು ಮೂಲೆಗೆ ಗೂಟ ಹೊಡೆದ. ಅತ್ತೆ ಒಳಗಿನಿಂದ ಯಂತ್ರವನ್ನು ಎತ್ತಿಕೊಂಡು ಬಂದು, ಗೂಟಗಳ ನಡುವೆ ಚಾಪೆ ಹಾಕಿ, ತೊಡೆಯ ಮೇಲೆ ಅದನ್ನು ಇಟ್ಟುಕೊಂಡು ಕೂತಳು. ಬಸ್ಸಿನಲ್ಲಿ ಹೀಗೆಯೇ ಕೂತಿದ್ದಳೋ ಏನೋ.

"ಏಳಮ್ಮಿ" ಅಂದ ದೊಡ್ಡಪ್ಪ.

"ಅಗಿಯೋದಾದ್ರೆ ನನ್ನ ಸೇರಿಸೇ ಅಗಿ. ಮಾತು ಕೊಟ್ಟೋನು ನೀನು. ನಾನು ಕೇಳಿದ್ದಲ್ಲ."

ಆಳು ಹಾರೆಗೆ ಒರಗಿ ನಿಂತು ಆಕಳಿಸಿದ. ಎದುರು ಮನೆಯವರು, ಪಕ್ಕದ ಮನೆಯವರು ತಲೆ ಹಾಕಿದರು. ಬೀದಿಯ ಕಣ್ಣೆದುರು ದೊಡ್ಡಪ್ಪ ಮಾತು ಮುರಿದವನಾಗಲು ತಯಾರಿರಲಿಲ್ಲ. "ಬರ್ಲಿ ಸಾವ್ಕಾರ್ರು" ಎಂದು ಗುಡುಗಿ ಒಳಗೆ ಹೋದ. ಗೂಟಗಳು ಹಾಗೆಯೇ ಉಳಿದವು. ಸಾಹುಕಾರರು ಬರಲು ಇನ್ನು ಎರಡೇ ದಿನ.

ಚಾಪೆಯ ಮೇಲೆ ಅತ್ತೆಯ ಪಕ್ಕ ಕೂತೆ. ಮಣ್ಣು ಕೆರೆದು ತೆಗೆದ ಮೇಲೆ ಯಂತ್ರ ಮತ್ತೆ ಬರಿಮೈ. ಸಂಜೆಗೆ ಹೊದಿಕೆ ಬೇಕು, ಇಲ್ಲದಿದ್ದರೆ ಕಾಯುವುದಿಲ್ಲ. ಪೂರ್ತಿ ಕರೆಂಟು ಬಂದರೆ ಹೊದಿಕೆ ಇರಬಾರದು, ಇದ್ದರೆ ಸಿಡಿಯುತ್ತದೆ. ಕರೆಂಟು ಯಾವಾಗ ಹೇಗಿರುತ್ತದೆಂದು ಲೈನ್‌ಮನ್‌ಗೇ ಗೊತ್ತಿಲ್ಲ. ನನ್ನ ತಲೆಯೂ ಸಂಜೆಯ ಬಲ್ಬಿನ ಹಾಗೆ ಮಂಕಾಗಿ ಉರಿಯುತ್ತಿತ್ತು. ಏನೂ ತೋಚದಿದ್ದಾಗ ನಾನು ಮಾಡುವುದು ಒಂದೇ. "ನಿನ್ ದೊರೆ ಹೆಂಗೆ ನಡೀತಿದ್ದ ಅತ್ತೆ?" ಅಂದೆ.

ಅತ್ತೆ ಹೇಳಿದಳು, ನಾನು ಮಾಡಿ ತೋರಿಸಿದೆ. ಕೈ ಹಿಂದೆ ಕಟ್ಟಿಕೊಂಡು, ಹೊಟ್ಟೆ ಮುಂದೆ ಮಾಡಿ, ಬೆಳಗಿನ ಮಂಜಿನಲ್ಲಿ ಗಡಗಡ ನಡುಗಿ ಕೋಟು ಹಾಕಿಕೊಂಡೆ. ಬಿಸಿಲೇರಿದ ಹಾಗೆ ಬೆವರು ಒರೆಸಿಕೊಂಡು, ಕೋಟು ಬಿಚ್ಚಿ ಮೊಣಕೈ ಮೇಲೆ ಹಾಕಿಕೊಂಡೆ. ಮೋಡ ಬಂತು, ಮತ್ತೆ ಹಾಕಿಕೊಂಡೆ. ಬಿಸಿಲು, ಮತ್ತೆ ಬಿಚ್ಚಿದೆ. ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದವಳು ಇದ್ದಕ್ಕಿದ್ದಂತೆ ನಿಲ್ಲಿಸಿದಳು.

"ಲೇ. ಮೂಗಿಗೆ ಆಕ್ತಿದ್ನಾ ಕೋಟು?"

"ಯಾರು, ದೊರೆಯಾ?"

"ಮೂಗು ಬರಿದೇ ಇರ್ತಿತ್ತಲ್ಲ. ಮೈಗೆ ಮಾತ್ರ ಕೋಟು. ಬೇಕಾದಾಗ ಆಕ್ಕಂಡ, ಬ್ಯಾಡದಾಗ ಬಿಚ್ಚಿದ."

ಆಮೇಲೆ ಇಬ್ಬರೂ ನಗಲಿಲ್ಲ. ಆವತ್ತಿಗೆ ಕಾರ್ಖಾನೆಯ ಪೈಪನ್ನು ತಲೆಯಿಂದ ತೆಗೆದುಹಾಕಿದೆ. ಪೈಪಿನಲ್ಲಿ ಹಗಲೂ ರಾತ್ರಿ ಆವಿ ಒಂದೇ ಸಮ. ಅದಕ್ಕೆ ಸಾಯುವವರೆಗೂ ಒಂದೇ ಹೊದಿಕೆ ಸಾಕು. ಇದರ ಮೈ ಬಿಸಿ ಗಳಿಗೆಗೊಂದು ಥರ. ಅಂಟಿಸುವುದು, ಮೆತ್ತುವುದು ಬಿಟ್ಟುಬಿಡಬೇಕು. ಹಾಕುವುದಕ್ಕೂ ಬಿಚ್ಚುವುದಕ್ಕೂ ಬರುವಂಥ ಅಂಗಿ ಹೊಲಿಯಬೇಕು. ಮೂಗನ್ನು ಮುಚ್ಚಲೇಬಾರದು, ಬಾಯ್ಲರಿನಿಂದ ಹರಿದು ಬರುವ ಹೆಚ್ಚಿನ ಬಿಸಿಯನ್ನು ಅದು ಗಾಳಿಗೆ ಬಿಡಲಿ.

ಅತ್ತೆ ಒಳಗೆ ಹೋಗಿ ಒಂದು ಕರಿಯ ಕಂಬಳಿ ತಂದಳು. ಒಳ್ಳೆ ಕುರಿ ಉಣ್ಣೆ, ಕೆಂಪು ಅಂಚು, ಎಷ್ಟೋ ಸಲ ತೊಳೆದು ಮೆತ್ತಗಾಗಿತ್ತು.

"ಯಾರದು ಇದು?"

"ಮನೇದು. ಸುಮ್ಕೆ ಕತ್ರಿ ಕೊಡು."

ಮೊದಲು ಗೋಣಿ ಸುತ್ತಿ ಬಾಯ್ಲರಿನ ಅಳತೆ ತೆಗೆದೆವು. ಒಳಪದರ ಗೋಣಿ, ಮೇಲೆ ಎರಡು ಪದರ ಕಂಬಳಿ. ಮೊದಲ ಸಲ ಬಿಗಿಯಾಗಿ ಕಟ್ಟಿದೆ; ಮೈಗೆ ಅಂಟಿಕೊಂಡ ಬಟ್ಟೆ ಬಿಸಿಯನ್ನು ಹೊರಗೆ ಸಾಗಿಸಿತು. ಮೇಸ್ತ್ರಿಯ ಗಾಳಿಯ ಮಾತು ಆಗ ನಿಜವಾಗಿ ಕಿವಿಗೆ ಬಿತ್ತು. ಕೌದಿಗೆ ಹಾಕುವ ಹಾಗೆ ಸಡಿಲ ಹೊಲಿಗೆ ಹಾಕಲು ಅತ್ತೆಗೆ ಹೇಳಿದೆ. ಪದರಗಳ ನಡುವೆ ಸಣ್ಣಸಣ್ಣ ಉಬ್ಬು ಎದ್ದು ನಿಂತವು, ಉಬ್ಬಿನೊಳಗೆ ಗಾಳಿ. ಗಾಜಿನ ಕೊಳವೆ ಕಾಣಲು ಉದ್ದನೆಯ ಸೀಳು, ನೆತ್ತಿಯ ವಾಲ್ವಿಗೆ ದುಂಡನೆಯ ತೂತು, ಮುಂದೆ ಮೂಗಿಗೆ ಅಗಲವಾದ ಕಿಟಕಿ. ಬೆನ್ನ ಮೇಲೆ ಮೂರು ಲಾಡಿ, ಗಾಳಿ ನಿಲ್ಲಲು ಅವನ್ನೂ ಸಡಿಲವಾಗಿಯೇ ಕಟ್ಟಬೇಕು. ಎಳೆದರೆ ಒಂದೇ ಏಟಿಗೆ ಬಿಚ್ಚಿಕೊಳ್ಳಬೇಕು. ಕಟ್ಟುವುದನ್ನೂ ಬಿಚ್ಚುವುದನ್ನೂ ಅತ್ತೆ ಕಣ್ಣು ಮುಚ್ಚಿ ಅಭ್ಯಾಸ ಮಾಡಿದಳು. ಆ ಸಂಜೆ ಬೀಡಿ ತುದಿಯ ಕರೆಂಟಿನಲ್ಲಿ ನಾವು ಕಾದು ಕೂತೆವು. ಗುಳುಗುಳು, ಸ್ಸ್. ಬಹಳ ಹೊತ್ತು ಸ್ಸ್. ಆಮೇಲೆ ವಾಲ್ವಿನ ತುದಿಯಲ್ಲಿ ಸಣ್ಣಗೆ, ಬಿಲದೊಳಗೆ ಹಾವು ತಿರುಗಿದ ಹಾಗೆ...

ಅತ್ತೆ ಬೆರಳೆತ್ತಿದಳು. ನಾನು ಉಸಿರು ಬಿಗಿಹಿಡಿದೆ. ಸಿರ್ರ್.

ಸಾಹುಕಾರರು ಬಂದದ್ದು ಆರು ಜನ. ಜಗಲಿಯಲ್ಲಿ ದೊಡ್ಡಪ್ಪ ಬಿಳಿ ಹಾಸಿನ ಮೇಲೆ ಸೀರೆ ಹರಡಿ ಕೂತಿದ್ದ. ಇನ್ನೊಂದು ತುದಿಯಲ್ಲಿ ಗೂಟಗಳ ನಡುವೆ ಅತ್ತೆ, ಕೋಟು ತೊಟ್ಟ ಯಂತ್ರ, ಪಕ್ಕದ ಒಲೆಯ ಮೇಲೆ ಹಾಲು. ನನ್ನ ಕೆಲಸ ನೀರು, ಪುಡಿ, ಮತ್ತು ಬಾಯಿ ಮುಚ್ಚಿಕೊಂಡಿರುವುದು. ಮೂರನೆಯದು ಕಷ್ಟದ್ದು.

ಬಲ್ಬು ಕೆಂಪಗಾಯಿತು. ದೊಡ್ಡಪ್ಪ ಒಮ್ಮೆ ಅದನ್ನು ನೋಡಿದ, ಒಮ್ಮೆ ನಮ್ಮನ್ನು.

ಸಿರ್ರ್ ಬಂತು. ಅತ್ತೆ ಹಿಡಿ ಎತ್ತಿ ಒತ್ತಿದಳು. ಮೊದಲ ಲೋಟಕ್ಕೆ ಗಟ್ಟಿ ಡಿಕಾಕ್ಷನ್ ಎಳೆಯೆಳೆಯಾಗಿ ಇಳಿಯಿತು. ಎರಡು, ಮೂರು. ನಾಲ್ಕನೆಯದಕ್ಕೆ ಹಿಡಿ ಎತ್ತುವಷ್ಟರಲ್ಲಿ ಬಲ್ಬು ಧಗ್ಗನೆ ಬೆಳಗಿತು. ಎಲ್ಲೋ ಗಿರಣಿ ನಿಂತಿತ್ತು. ಬೀದಿಯ ಕರೆಂಟೆಲ್ಲ ಒಟ್ಟಿಗೆ ನಮ್ಮ ಕಾಯಿಲಿಗೆ ನುಗ್ಗಿತು. ಸಿರ್ರ್ ದಪ್ಪವಾಯಿತು. ಭಾನುವಾರದ ರಾಗ ಶುರುವಾಗುವುದನ್ನು ನನ್ನ ಕಿವಿ ಮೊದಲು ಹಿಡಿಯಿತು. "ಅತ್ತೆ!" ಅಂದೆ. ಅವಳು ಆಗಲೇ ಲಾಡಿಗೆ ಕೈ ಹಾಕಿದ್ದಳು. ಒಂದು ಎಳೆತ, ಕೋಟು ಕೈಗೆ ಬಂತು. ಸ್ವಿಚ್ ಆರಿಸಿದೆ. ಅತ್ತೆ ಒದ್ದೆ ಬಟ್ಟೆಯನ್ನು ಮೂಗಿನ ಮೇಲೆ ಒತ್ತಿ ಹಿಡಿದಳು, ಜ್ವರದ ಮಗುವಿಗೆ ಪಟ್ಟಿ ಹಾಕುವ ಹಾಗೆ. ಸಾಹುಕಾರರು ಸೀರೆಯ ಜರಿ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ರಾಗ ಇಳಿಯಿತು, ಇಳಿಯಿತು, ಸಿರ್ರ್‌ಗೆ ಬಂದು ನಿಂತಿತು. ನಾಲ್ಕು. ಐದು. ಆರು.

"ಇದೇನಮ್ಮ, ಯಂತ್ರಕ್ಕೆ ಕೋಟು ಬಿಚ್ಚಿದ್ರಿ?" ಎಂದು ಹಿರಿಯ ಸಾಹುಕಾರರು ನಕ್ಕರು.

"ಸೆಕೆ ಆಯ್ತಂತೆ ಸಾ" ಅಂದೆ ನಾನು. ಬಾಯಿ ಮುಚ್ಚಿಕೊಂಡಿರುವುದು ಅಲ್ಲಿಗೆ ಮುಗಿಯಿತು.

ಸಾಹುಕಾರರು ಕುಡಿದರು. ಯಾರೂ ಉಗಿಯಲಿಲ್ಲ. ಒಬ್ಬರು ಖಾಲಿ ಲೋಟ ಚಾಚಿದರು, ಇನ್ನೊಬ್ಬರೂ ಚಾಚಿದರು. ಅತ್ತೆ ಏಳನೆಯ ಲೋಟ ತುಂಬಿ ದೊಡ್ಡಪ್ಪನ ಮುಂದೆ ಇಟ್ಟಳು. ಅವನು ಅದನ್ನು ಮುಟ್ಟಲಿಲ್ಲ. ಅವನ ಕಣ್ಣು ಅತ್ತೆಯ ಮಡಿಲಲ್ಲಿದ್ದ ಕೋಟಿನ ಮೇಲಿತ್ತು. ಕರಿ ಉಣ್ಣೆ. ಕೆಂಪು ಅಂಚು.

"ಅಮ್ಮಿ. ಅದು ನನ್ ಕಂಬ್ಳಿ ಅಲ್ವಾ?"

"ಊ. ನಿಂದೇ."

"ಚಳಿಗೆ ನಾನೇನು ಒದ್ಕಳ್ಳಿ?"

"ಕಾಫಿ ಕುಡಿ."

ಆರು ಜನ ಸಾಹುಕಾರರ ಎದುರು ಬೇರೇನೂ ಮಾಡಲಾಗದೆ ದೊಡ್ಡಪ್ಪ ಕುಡಿದ. ಕುಡಿದು ಲೋಟ ಕೆಳಗಿಟ್ಟು, "ಇವತ್ತು ಕರೆಂಟು ಚೆನ್ನಾಗಿತ್ತು" ಅಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಗೂಟ ಕೀಳಲು ಯಾರಿಗೂ ಹೇಳಲಿಲ್ಲ. ಮರುದಿನ ಅತ್ತೆಯೇ ಕಿತ್ತು ಒಲೆಗೆ ಹಾಕಿದಳು.

ಜಗಲಿಯ ಕಾಫಿ ಹಾಗೆ ನಿಂತಿತು. ಬೆಳಗಿನ ಜಾವ ಬೀದಿಯಲ್ಲಿ ಪೂರ್ತಿ ಕರೆಂಟು ಇರುತ್ತಿತ್ತು. ಆಗ ಯಂತ್ರಕ್ಕೆ ಕೋಟು ಬೇಡ, ಮಡಿಸಿ ಪಕ್ಕಕ್ಕಿಟ್ಟಿರುತ್ತಿದ್ದಳು. ಮಾಗಿಯ ಚಳಿ ಶುರುವಾದ ಒಂದು ದಿನ ದೊಡ್ಡಪ್ಪ ಎದ್ದು ಬಂದು, ಯಾರನ್ನೂ ಕೇಳದೆ ಆ ಕೋಟನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಕೂತ. ವಾಲ್ವಿನ ತೂತು ಸರಿಯಾಗಿ ಭುಜದ ಮೇಲೆ ಬಂದಿತ್ತು, ಮೂಗಿನ ಕಿಟಕಿಯಿಂದ ಮೊಣಕೈ ಹೊರಗೆ ಬಂದಿತ್ತು. ನಾನು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ನನ್ನ ವಾಲ್ವು ಮುಚ್ಚಿಸಿದಳು.

"ಕಾಫಿ ಮುಗಿಯೋಗಂಟ ಮಾತ್ರ ಅಣ್ಣಯ್ಯ" ಅಂದಳು, ಲೋಟ ಕೊಡುತ್ತ.

ಅವನು ಬಿಸಿಲೇರುವವರೆಗೂ ಹೊದ್ದುಕೊಂಡೇ ಇದ್ದ, ಆಮೇಲೆ ಒಳಗೆ ಮಗ್ಗದ ಪಕ್ಕದ ಗೋಡೆಗೆ ನೇತುಹಾಕಿದ. ಸಂಜೆ ದೀಪ ಹಚ್ಚುವ ಹೊತ್ತಿಗೆ ಮಗ್ಗದಿಂದ ಎದ್ದ. ತಲೆಯೆತ್ತಿ ಬಲ್ಬನ್ನು ನೋಡಿದ. ಅದು ಕೆಂಪಗಾಗಿತ್ತು. ಗೋಡೆಯ ಮೊಳೆಯಿಂದ ಕೋಟು ತೆಗೆದುಕೊಂಡು ಜಗಲಿಗೆ ಹೋಗಿ, ಯಂತ್ರಕ್ಕೆ ತಾನೇ ತೊಡಿಸಿ, ಮೂರು ಲಾಡಿಯನ್ನೂ ಕಟ್ಟಿದ. ಸಡಿಲವಾಗಿಯೇ ಕಟ್ಟಿದ್ದ.